ಮದಾಮರ ಭುಜಕ್ಕೊಂದು ರೈಫಲ್

“ಈ ಶುಕ್ರವಾರ ನೀನು ನನ್ನ ಜೊತೆ ಬಾ. ರೈಫಲ್ ಆರಿಸಬೇಕು” ಎಂದರು ಮದಾಮ್.

ಅವರ ಬಲಗೈಯನ್ನು ಮೊಣಕೈಯ ಬಳಿ ಹಿಡಿದು ನಿಧಾನವಾಗಿ ಹೊರಕ್ಕೆ ತಿರುಗಿಸುತ್ತಿದ್ದ ನಾನು ಅಲ್ಲಿಗೇ ನಿಲ್ಲಿಸಿದೆ. ದುಬೈನ ಊದ್ ಮೇಥಾದ ಆ ಕ್ಲಿನಿಕ್ಕಿಗೆ ಫಿಸಿಯೋಥೆರಪಿಸ್ಟ್ ಆಗಿ ಸೇರಿ ಕೆಲವು ವರ್ಷಗಳಾಗಿದ್ದವು. ರೋಗಿಗಳು ನನ್ನನ್ನು ಮದುವೆಗೆ ಕರೆದಿದ್ದರು, ಇಫ್ತಾರಿಗೆ ಕರೆದಿದ್ದರು, ನಿಮ್ಮ ಕಡೆ ಒಳ್ಳೆಯ ಅಡುಗೆಯವಳಿದ್ದರೆ ಹೇಳು ಎಂದಿದ್ದರು. ಬಂದೂಕು ಆರಿಸಲು ಯಾರೂ ಕರೆದಿರಲಿಲ್ಲ.

ನಾನು ಅನುಮಾನದಿಂದ ನಕ್ಕೆ. ಅವರು ನಗಲಿಲ್ಲ.

ಮದಾಮ್ ಎಂದರೆ ಅಲ್ಲಿಯವರೇ, ಎಮಿರಾತಿ ಹೆಂಗಸು. ಐವತ್ತೈದು ದಾಟಿತ್ತು, ಗಂಡ ತೀರಿಕೊಂಡಿದ್ದರು. ಅವರ ಹಿಂದಿ ನನ್ನ ಹುಬ್ಬಳ್ಳಿ ಹಿಂದಿಗಿಂತ ಸಲೀಸು. ಚಿಕ್ಕಂದಿನಲ್ಲಿ ಮುಂಬೈ ವ್ಯಾಪಾರದ ಮನೆಯವರ ನೆರೆಯಲ್ಲಿ ಬೆಳೆದೆ ಎನ್ನುತ್ತಿದ್ದರು. ನನ್ನನ್ನು ‘ದಕ್ತೂರಾ’ ಎಂದು ಕರೆಯುವರು. ನಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದಿ ನೋಡಿ ಸೋತಿದ್ದೆ. ಅವರ ಬಲಭುಜದ ಒಳಗಿನ ಸ್ನಾಯುವಿನ ಪಟ್ಟಿ ಹರಿದು, ಶಸ್ತ್ರಕ್ರಿಯೆಯಲ್ಲಿ ಹೊಲಿದಿದ್ದರು. ಕೈ ಎತ್ತಿ ತಲೆ ಬಾಚಿಕೊಳ್ಳುವಷ್ಟರ ಮಟ್ಟಿಗೆ ಬರುವುದಕ್ಕೇ ತಿಂಗಳುಗಳು ಹಿಡಿದಿದ್ದವು. ಎಲ್ಲ ರೋಗಿಗಳನ್ನೂ ಕೇಳುವಂತೆ ಅವರನ್ನೂ, “ಭುಜ ಸರಿಯಾದ ಮೇಲೆ ಏನು ಮಾಡಬೇಕಂತ ಆಸೆ?” ಎಂದು ಕೇಳಿದ್ದೆ. ಮೊಮ್ಮಗುವನ್ನು ಎತ್ತಿಕೊಳ್ಳಬೇಕು ಎಂಬ ಉತ್ತರ ಬರುತ್ತದೆ ಎಂದುಕೊಂಡಿದ್ದೆ. “ಮುನ್ನೂರು ಮೀಟರಿನಿಂದ ಗುರಿಹಲಗೆಯ ನಡುವಿಗೆ ಗುಂಡು ಹೊಡೆಯಬೇಕು” ಎಂದಿದ್ದರು.

ಅವರ ತಂದೆ ಮರಳುಗಾಡಿನಲ್ಲಿ ಖಾಲಿ ಡಬ್ಬಿ ಇಟ್ಟು ಗುಂಡು ಹೊಡೆಯಲು ಕಲಿಸಿದ್ದರಂತೆ. ಮುಂದೆ ದುಬೈ–ಅಬುಧಾಬಿ ನಡುವಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಹೆಂಗಸರ ದೂರಗುರಿ ಸ್ಪರ್ಧೆಗೆ ಪ್ರತಿ ಚಳಿಗಾಲ ಇಳಿಯುತ್ತಿದ್ದರು. ಅವರ ಹಳೆಯ ರೈಫಲ್ ಬೋಲ್ಟಿನದು. ಒಂದು ಗುಂಡು ಹಾರಿದ ಮೇಲೆ ಬಲಗೈಯಿಂದ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ ಮತ್ತೆ ಮಡಚಬೇಕು. ಆ ಕೆಲಸವೇ ಅವರ ಭುಜಕ್ಕೆ ಆಗದು. ಸೆಮಿ ಆಟೋಮ್ಯಾಟಿಕ್ ಆದರೆ ಮೊದಲ ಸಲ ಎಳೆದರೆ ಸಾಕು. ಟ್ರಿಗರ್ ಒತ್ತಿದಾಗೊಂದು ಗುಂಡು ಹಾರಿ, ಆ ಗುಂಡಿನ ಹೊಗೆಯ ಒತ್ತಡವೇ ಮುಂದಿನದನ್ನು ಒಳಗೆ ಕೂರಿಸುತ್ತದೆ. ಒದೆತವೂ ಸ್ವಲ್ಪ ಮೆದು. ಇದನ್ನೆಲ್ಲ ಅವರು ನನಗೆ ಚಿಕಿತ್ಸೆಯ ಮೇಜಿನ ಮೇಲೆ ಮಲಗಿಕೊಂಡೇ ವಿವರಿಸಿದ್ದರು, ಎಡಗೈಯಲ್ಲಿ ಗಾಳಿಯಲ್ಲಿ ಚಿತ್ರ ಬರೆಯುತ್ತ.

“ನಾನ್ಯಾಕೆ ಮದಾಮ್? ನನಗೆ ಬಂದೂಕಿನ ಬಗ್ಗೆ ಏನೂ ಗೊತ್ತಿಲ್ಲ.”

“ನನಗೆ ಬಂದೂಕು ಗೊತ್ತು. ನಿನಗೆ ಭುಜ ಗೊತ್ತು. ನೀನು ಹೂಂ ಅಂದರೆ ಮಾತ್ರ ಕೊಡಿಸ್ತೀನಿ ಅಂತ ನನ್ನ ಮಗ ಹೇಳಿದ್ದಾನೆ.”

ಅದು ನಿಜವಾಗಿತ್ತು. ಅದೇ ವಾರ ಮಗನೇ ಬಂದು ರಿಸೆಪ್ಷನ್ನಿನ ಪಕ್ಕ ನಿಂತು ನನ್ನೊಡನೆ ಮಾತಾಡಿದ. ಸರ್ಕಾರಿ ಇಲಾಖೆಯಲ್ಲಿ ಅಧಿಕಾರಿ, ತಗ್ಗಿದ ದನಿಯ ಮನುಷ್ಯ. “ಆಪರೇಷನ್ ಮಾಡಿದ ಡಾಕ್ಟರು, ಮಾಡಬಹುದು, ಎಚ್ಚರಿಕೆಯಿಂದ ಅಂದರು. ಅವರಿಗೆ ನನ್ನ ತಾಯಿ ಗೊತ್ತಿಲ್ಲ. ನನ್ನ ತಾಯಿ ಯಾವುದನ್ನೂ ಎಚ್ಚರಿಕೆಯಿಂದ ಮಾಡಿದವರಲ್ಲ. ನೀವು ಕಣ್ಣಾರೆ ನೋಡಿ ಹೇಳಿ. ನೀವು ಬೇಡ ಅಂದರೆ ಖಲಾಸ್, ನಾನು ಅವರ ಬಂದೂಕಿನ ಲೈಸೆನ್ಸನ್ನೇ ಸರ್ಕಾರಕ್ಕೆ ವಾಪಸ್ ಕೊಡಿಸ್ತೀನಿ.”

ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. “ಹೋಗಿ ಬಾ. ಆದರೆ ಯಾವ ಮಾತನ್ನೂ ಬರವಣಿಗೆಯಲ್ಲಿ ಕೊಡಬೇಡ. ಅವರಿಗೆ ಬೇಜಾರೂ ಮಾಡಬೇಡ” ಎಂದರು. ಹೂಂ ಎಂದ ಮೇಲೆ ಆ ಹೊಲಿಗೆ ಮತ್ತೆ ಹರಿದರೆ? ಬೇಡ ಎಂದರೆ, ಆ ಹೆಂಗಸಿನ ಮುಖವನ್ನು ವಾರಕ್ಕೆರಡು ಸಲ ಹೇಗೆ ನೋಡುವುದು?

ಆಗ ನಾವು ಅಲ್ ನಹ್ದಾದಲ್ಲಿದ್ದೆವು. ಬಾಲ್ಕನಿಯಲ್ಲಿ ನಿಂತರೆ ಶಾರ್ಜಾಕ್ಕೆ ಹೋಗುವ ಕಾರುಗಳ ಕೆಂಪು ದೀಪಗಳು ಅಲುಗಾಡದೆ ನಿಂತಿರುತ್ತಿದ್ದವು. ಆ ಸಂಜೆ ನನ್ನವರು ಸೈಟಿನಿಂದ ಬಂದು ಬೂಟು ಬಿಚ್ಚುತ್ತಿರುವಾಗಲೇ ವಿಷಯ ಹೇಳಿದೆ. ಅವರು ಸಿವಿಲ್ ಎಂಜಿನಿಯರು, ಯಾವುದನ್ನೂ ಎರಡು ಸಲ ಅಳೆಯದೆ ಒಪ್ಪದ ಜೀವ.

“ಬಂದೂಕಾ? ನಿನಗೇನ್ ತಲಿ ಕೆಟ್ಟೈತೇನು?” ಎಂದರು. “ಈ ದೇಶದಾಗ ಮಂದಿ ಸಿಗ್ನಲ್ ದಾಟಾಕೂ ಅಂಜತಾರ. ನೀ ಬಂದೂಕದ ಹಿಂದ ಅಡ್ಡಾಡಾಕಿ?”

“ನಾ ಮುಟ್ಟೂದಿಲ್ರೀ. ಬರೇ ಅವರ ಭುಜಾ ನೋಡಾಕಿ.”

“ಏನರೆ ಹೆಚ್ಚುಕಮ್ಮಿ ಆತು ಅನ್ನು. ಯಾರ ಕಡೆ ಬೊಟ್ಟು ಮಾಡ್ತಾರ? ನಿನ್ನ ಕಡೆ. ಮರುದಿನ ವೀಸಾ ಕ್ಯಾನ್ಸಲ್. ಮಗಳ ಸಾಲಿ ನಡಬರಕ. ವಿಚಾರ ಮಾಡಿ ನೋಡು.”

ವಿಚಾರ ಮಾಡದೆ ಇದ್ದೆನೇ? ಒಳಕೋಣೆಯಿಂದ ಮಗಳು, “ಅಮ್ಮಾ, ಆರ್ ಯೂ ಗೋಯಿಂಗ್ ಟು ಶೂಟ್?” ಎಂದು ಕುಣಿಯುತ್ತ ಬಂದಳು. ನಾವಿಬ್ಬರೂ ಒಟ್ಟಿಗೆ ಅವಳ ಮೇಲೆ ರೇಗಿದೆವು.

ನನಗೆ ಬಂದೂಕು ಹೊಸದಲ್ಲ. ಅದನ್ನು ನನ್ನವರಿಗೆ ನೆನಪಿಸಬೇಕಾಗಿರಲಿಲ್ಲ. ನನ್ನ ಅಪ್ಪ ಹುಬ್ಬಳ್ಳಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಕಾವಲುಗಾರ. ನಿವೃತ್ತಿಯ ತನಕ ಒಮ್ಮೆಯೂ ಹಾರಿಸಲಿಲ್ಲ. “ಅದು ಹಾರಬಾರ್ದು ಅಂತನ ನನಗ ಪಗಾರ ಕೊಡ್ತಾರ” ಎನ್ನುತ್ತಿದ್ದ. ಶಾಲೆ ಬಿಟ್ಟು ಬರುವಾಗ ಅವನ ಕಾಲ ಬಳಿ ಕೂತು ಬುತ್ತಿ ಉಂಡಿದ್ದೇನೆ. ಒಮ್ಮೆ ನಾನು ಆಟವಾಡುತ್ತ ಆ ಮರದ ಹಿಡಿಯ ಮೇಲೆ ಕೈ ಇಟ್ಟಾಗ ಎಂದೂ ಬಯ್ಯದ ಅಪ್ಪ ನನ್ನ ಕೈ ಮೇಲೆ ಫಟಾರನೆ ಹೊಡೆದಿದ್ದ. ಹೊಡೆದ ಮೇಲೆ ಅವನ ಕೈಯೇ ನಡುಗುತ್ತಿತ್ತು. ಬಂದೂಕೆಂದರೆ ನನ್ನ ಮೈಗೆ ಗೊತ್ತಿದ್ದದ್ದು ಆ ನಡುಕ.

ಆದರೂ ಶುಕ್ರವಾರ ಹೋದೆ. ಜುಮಾ ನಮಾಜಿಗೆ ಮುಂಚೆ ಮುಗಿಸಬೇಕೆಂದು ಬೆಳಗಾಗುತ್ತಲೇ ಮದಾಮರ ದೊಡ್ಡ ಬಿಳಿ ಗಾಡಿ ನಮ್ಮ ಕಟ್ಟಡದ ಕೆಳಗೆ ನಿಂತಿತ್ತು. ಅವರೇ ಓಡಿಸುತ್ತಿದ್ದರು. ಅಬುಧಾಬಿ ರಸ್ತೆಯಲ್ಲಿ ಅಲ್ಲಿ ವೇಗದ ಗಾಡಿಗಳಿಗಿರುವ ಎಡಗಡೆಯ ಸಾಲು ಹಿಡಿದು ಅವರು ಓಡಿಸಿದ ಓಟಕ್ಕೆ ನಾನು ಸೀಟಿನ ಅಂಚು ಹಿಡಿದು ಕೂತಿದ್ದೆ. ಪಕ್ಕದ ಸಾಲಿನಿಂದ ಒಂದು ಲಾರಿ ಒಳಗೆ ಸರಿದದ್ದನ್ನು ಅವರು ತಡವಾಗಿ ನೋಡಿ ಬ್ರೇಕ್ ಒತ್ತಿದರು. “ಯಲ್ಲಾ, ನಡಿ” ಎಂದು ಲಾರಿಯವನಿಗೆ ಕೈ ಬೀಸಿದರು.

ಕ್ಲಬ್ಬಿನಲ್ಲಿ ನಮಗಾಗಿ ಕಾಯುತ್ತಿದ್ದ ತರಬೇತುದಾರ ಪಾಕಿಸ್ತಾನದ ಸೈನ್ಯದಲ್ಲಿದ್ದು ನಿವೃತ್ತರಾದವರು. ನರೆತ ಗಡ್ಡ, ಇಸ್ತ್ರಿಯ ಅಂಗಿ. ನನ್ನನ್ನು ನೋಡಿದ ಕೂಡಲೇ “ಬೆಹೆನ್‌ಜೀ, ಹೆದರಬೇಡಿ. ಹೆದರೋರು ಇದ್ದ ಕಡೆ ಅಪಘಾತ ಆಗೋದಿಲ್ಲ” ಎಂದರು. ಕಿವಿಗೆ ದಪ್ಪ ಮುಚ್ಚಳ ಹಾಕಿಸಿದರು. ಎದುರಿಗೆ ಬರೀ ಮರಳು, ದೂರದಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಅಂಚೆಚೀಟಿಯಷ್ಟು ಕಾಣುವ ಗುರಿಹಲಗೆಗಳು.

ಕ್ಲಬ್ಬಿನ ಎರಡು ಸೆಮಿ ಆಟೋಮ್ಯಾಟಿಕ್‌ಗಳನ್ನು ಅವರು ಚಾಪೆಯ ಮೇಲೆ ತಂದಿಟ್ಟರು. ಒಂದು ಕಪ್ಪಗೆ, ಹಗುರ, ಲೋಹ ಮತ್ತು ಪ್ಲಾಸ್ಟಿಕ್ಕಿನದು. ಮೊದಲ ಗುಂಡು ತುಂಬಲು ಎಳೆಯುವ ಹಿಡಿ ಮೇಲೆ, ಹಿಂಭಾಗದಲ್ಲಿ. ಇನ್ನೊಂದು ಮರದ ಹಿಡಿಯದು, ಹಳೆಯ ಮಾದರಿಯದು, ತೂಕ ಜಾಸ್ತಿ. ಅದರ ಎಳೆಹಿಡಿ ಬಲಪಕ್ಕದಲ್ಲಿ. ಎರಡಕ್ಕೂ ಮೇಲೆ ದುರ್ಬೀನು, ಮುಂದೆ ಎರಡು ಕಾಲು. ಮಗನಿಗೆ ಕಪ್ಪಗಿರುವುದು ಇಷ್ಟ, ಹೊಸದು, ಹಗುರ ಎಂದು ಮದಾಮ್ ಹೇಳಿದರು. ನನಗೂ ಅದೇ ಸರಿ ಎನ್ನಿಸಿತು. ನೋಯುವ ಭುಜಕ್ಕೆ ಹಗುರವಾದದ್ದು ತಾನೇ?

ಅವರು ಬೋರಲಾಗಿ ಮಲಗಿ ಕಪ್ಪು ರೈಫಲ್ಲಿನ ಹಿಂಬದಿಯನ್ನು ಬಲಭುಜಕ್ಕೆ ಒತ್ತಿಕೊಂಡರು. ನಾನು ಪಕ್ಕದಲ್ಲಿ ಮಂಡಿಯೂರಿ ಅವರ ಹೆಗಲ ಮೂಳೆಯ ಮೇಲೆ ಕಣ್ಣು ನೆಟ್ಟೆ. ಮೊದಲ ಗುಂಡು ಹಾರಿದಾಗ ಸದ್ದು ಕಿವಿಯಿಂದಲ್ಲ, ಎದೆಗೂಡಿನಿಂದ ಒಳಗೆ ಬಂತು. ನನಗೆ ತಿಳಿಯದೆಯೇ ನಾನು ಕಣ್ಣು ಮುಚ್ಚಿಬಿಟ್ಟಿದ್ದೆ. ನೋಡಲೆಂದೇ ಬಂದವಳು ನೋಡಲಿಲ್ಲ. ಎರಡನೆಯದಕ್ಕೆ ಹಲ್ಲು ಕಚ್ಚಿ ಕಣ್ಣು ತೆರೆದೇ ಇಟ್ಟೆ.

ಭುಜ ತಡೆದುಕೊಂಡಿತು. ಯಾವ ಗುಂಡಿನ ನಂತರವೂ ಕೈ ಜೋಲಲಿಲ್ಲ. ಎದ್ದ ಮೇಲೆ ಕೈಯನ್ನು ಪಕ್ಕಕ್ಕೆ ಎತ್ತಿಸಿ, ನಿಧಾನವಾಗಿ ಇಳಿಸಿ ಎಂದೆ, ಇಳಿಸಿದರು. ಆದರೆ ಮದಾಮರ ಮುಖ ಕಪ್ಪಿಟ್ಟಿತ್ತು. ತರಬೇತುದಾರರು ದೂರದರ್ಶಕದಲ್ಲಿ ಹಲಗೆ ನೋಡಿ ಪಕ್ಕಕ್ಕೆ ಸರಿದರು. ಮದಾಮರ ಗುಂಡುಗಳು ಹಲಗೆಯ ಅಂಚಿನಲ್ಲಿ, ಚಿಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

“ಬಹಳ ದಿನ ಆಯ್ತಲ್ಲ, ಕೈ ಮರೆತಿದೆ” ಎಂದರು ಮದಾಮ್.

ಮುಂದಿನ ಚಿಕಿತ್ಸೆಗೆ ಬಂದಾಗ ತೋಳು ನೋಡಿದೆ. ಕಂದಿದ ಗುರುತಿತ್ತು. ಗುಂಡು ಹೊಡೆದವರಿಗೆ ಕಂದುವುದು ಸಹಜ ಎಂದು ತರಬೇತುದಾರರೇ ಹೇಳಿದ್ದರು. ಆದರೆ ಎಲ್ಲಿ? ಎದೆಗೂ ಭುಜಕ್ಕೂ ನಡುವಿನ ಮೆತ್ತನೆಯ ಗುಳಿಯಲ್ಲಿ, ರೈಫಲ್ಲಿನ ಹಿಂಬದಿ ಕೂರುವ ಕಡೆ. ಮದಾಮರ ಗುರುತು ಅಲ್ಲಿರಲಿಲ್ಲ. ತೋಳಿನ ಹೊರಬದಿಯಲ್ಲಿತ್ತು, ಹೊಲಿದ ಸ್ನಾಯುವಿನ ನೇರ ಮೇಲೆ. ಹೀಗೇ ನಾಲ್ಕು ಶುಕ್ರವಾರ ನಡೆದರೆ ಹೊಲಿಗೆ ಉಳಿಯದು.

ಇಷ್ಟು ವರ್ಷ ಹೊಡೆದವರು ರೈಫಲ್ಲನ್ನು ತಪ್ಪು ಜಾಗದಲ್ಲಿ ಯಾಕೆ ಇಟ್ಟುಕೊಳ್ಳುತ್ತಾರೆ? ಉದ್ದನೆಯದೇನಾದರೂ ಸಿಕ್ಕೀತೇ ಎಂದು ಹುಡುಕಿ, ಕೊನೆಗೆ ಗೋಡೆಗೆ ಒರಗಿಸಿದ್ದ ವಾಕಿಂಗ್ ಸ್ಟಿಕ್ ಕೊಟ್ಟು, “ಹಿಡಿದು ತೋರಿಸಿ ಮದಾಮ್” ಎಂದೆ. ಅವರು ಕೋಲನ್ನು ಭುಜಕ್ಕಿಟ್ಟುಕೊಂಡು ಬಾಗಿಲಿನ ಹಿಡಿಕೆಗೆ ಗುರಿ ಇಟ್ಟರು. ಅವರ ಕತ್ತು ಕೋಲಿನ ಮೇಲೆ ಬಲಕ್ಕೆ ವಾಲಿ, ಎಡಗಣ್ಣು ಕೋಲಿನ ನೇರಕ್ಕೆ ಬಂತು. ಮುಖ ಅಷ್ಟು ವಾಲಲು ಕೋಲು ಗುಳಿಯಿಂದ ಜಾರಿ ತೋಳಿನ ಮೇಲೆ ಕೂತಿತು.

ನಾನು ಅವರ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ. “ಗೋಡೆ ಗಡಿಯಾರದಲ್ಲಿ ಎಷ್ಟಾಗಿದೆ?”

ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

“ನಡುವೆ ಹೊಗೆ ಇದೆ” ಎಂದರು. “ಸುತ್ತ ಎಲ್ಲ ಕಾಣುತ್ತೆ. ಗಡಿಯಾರದ ಚೌಕಟ್ಟು ಕಾಣುತ್ತೆ. ಮುಳ್ಳು ಕಾಣೋದಿಲ್ಲ.”

“ಎಷ್ಟು ದಿನದಿಂದ?”

“ಭುಜ ಹರಿಯೋದಕ್ಕೆ ಮುಂಚಿನಿಂದ.”

ಅಂದರೆ ಬಲಗಣ್ಣು ಮಸುಕಾದದ್ದು ಮೊದಲು. ಎಡಗಣ್ಣಿಂದ ನೋಡಲು ವಾಲಿ ವಾಲಿ ಹೊಡೆದು ಭುಜ ಹಾಳಾದದ್ದು ಆಮೇಲೆ ಇರಬೇಕು. ನಾವು ಇಷ್ಟು ತಿಂಗಳು ಭುಜವನ್ನೇ ಉಜ್ಜುತ್ತ ಕೂತಿದ್ದೆವು. ಅವರು ಅದೇ ಕಣ್ಣಿಟ್ಟುಕೊಂಡು ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಅಬುಧಾಬಿ ರಸ್ತೆಯಲ್ಲಿ ಹಾರಿಸಿಕೊಂಡು ಹೋಗಿದ್ದರು. ಆ ಲಾರಿ ಬಂದದ್ದು ಬಲಗಡೆಯಿಂದ.

“ಕಣ್ಣಿನ ಡಾಕ್ಟರಿಗೆ ತೋರಿಸಿ ಮದಾಮ್. ಮಗನಿಗೆ ಹೇಳಿ.”

“ಅವನಿಗೆ ಹೇಳೋದಿಲ್ಲ. ನೀನೂ ಹೇಳೋದಿಲ್ಲ.” ದನಿ ಗಡುಸಾಯಿತು. “ಅವನು ಮೊದಲು ರೈಫಲ್ ಕಿತ್ಕೋತಾನೆ. ಆಮೇಲೆ ಕಾರಿನ ಕೀಲಿ. ಆಮೇಲೆ ನನ್ನ ಮನೆ ಕೀಲಿ. ನನ್ನ ಅಕ್ಕನಿಗೆ ಹಾಗೇ ಆಯ್ತು. ಈಗ ಅವಳು ಮಗನ ಮನೆಯಲ್ಲಿ ಕೂತು ಯಾರು ಚಹಾ ಕೊಡ್ತಾರೆ ಅಂತ ಕಾಯ್ತಾಳೆ.”

ನಾನು ಐಸಿನ ಚೀಲವನ್ನು ಮಡಚಿದೆ, ಬಿಚ್ಚಿದೆ. ಕೊನೆಗೆ ಹೇಳಿದೆ: “ನಾನಾಗಿ ಹೇಳೋದಿಲ್ಲ. ಆದರೆ ಕಣ್ಣು ತೋರಿಸೋ ತನಕ ಯಾವ ರೈಫಲ್ಲಿಗೂ ಹೂಂ ಅನ್ನೋದಿಲ್ಲ. ಮತ್ತೆ ನೀವು ಓಡಿಸೋ ಗಾಡಿಯಲ್ಲಿ ಕೂರೋದಿಲ್ಲ.”

ಅವರು ಕೋಲನ್ನು ಗೋಡೆಗೆ ಒರಗಿಸಿ, ಅಬಾಯಾದ ಸಡಿಲ ಕಪ್ಪು ನಿಲುವಂಗಿ ಸರಿಪಡಿಸಿಕೊಂಡು, ಸಲಾಂ ಕೂಡ ಹೇಳದೆ ಹೊರಟುಹೋದರು.

ಮುಂದಿನ ಚಿಕಿತ್ಸೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮ್ಯಾನೇಜರ್ “ಏನಾಯ್ತು? ಏನು ಹೇಳಿದೆ?” ಎಂದು ದಿನಾ ಕೇಳತೊಡಗಿದರು. ರೋಗಿಯ ಮಾತು ಹೊರಗೆ ಹೇಳಲಾರೆ ಎಂದರೆ ಅವರ ಹುಬ್ಬು ಗಂಟಾಗುತ್ತಿತ್ತು. ಕ್ಲಿನಿಕ್ಕಿನ ಫೋನು ಸದ್ದಾದರೆ ಪೊಲೀಸರೋ ಆಸ್ಪತ್ರೆಯೋ ಎಂದು ನನ್ನ ಕಿವಿ ನಿಮಿರುತ್ತಿತ್ತು. ಮದಾಮ್ ಎಲ್ಲೋ ಗಾಡಿ ಗುದ್ದಿಕೊಂಡರೆ? ರಸ್ತೆ ದಾಟುತ್ತಿರುವ ಯಾರದೋ ಮಗುವಿಗೆ ಗುದ್ದಿದರೆ? ಮಗನಿಗೆ ಹೇಳದೆ ಇರುವುದು ರೋಗಿಗೆ ಕೊಟ್ಟ ಮಾತೋ, ಬೇರೆಯವರಿಗೆ ಮಾಡುವ ದ್ರೋಹವೋ? ರೇಡಿಯೋದಲ್ಲಿ ಅಪಘಾತದ ಸುದ್ದಿ ಬಂದರೆ ಬಿಳಿ ಗಾಡಿಯೇ ಎಂದು ಕೇಳಿಸಿಕೊಳ್ಳುತ್ತಿದ್ದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿಲ್ಲದೆ ಎರಡು ಸಲ ಹಾಕಿದ ದಿನ ನನ್ನವರು ತಟ್ಟೆ ಸರಿಸಿ ಕೇಳಿದರು.

“ಯಾಕ, ಏನಾತು ಹೇಳು.”

ಹೆಸರು, ಕಣ್ಣು ಯಾವುದನ್ನೂ ಹೇಳದೆ, ಒಬ್ಬರು ಹೇಳಬಾರದೆಂದ ವಿಷಯ ಹೇಳದಿದ್ದರೆ ಅಪಾಯ ಎಂದಷ್ಟೇ ಹೇಳಿದೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಕೈ ತೊಳೆದು ಬಂದು, “ಸೈಟಿನ್ಯಾಗ ಬಿರುಕು ಕಂಡ್ರ ಮೊದ್ಲ ಮಾಲಕಗ ಹೇಳ್ತೀವಿ. ಅಂವ ಕೇಳಲಿಲ್ಲಂದ್ರ ಮತ್ತೊಮ್ಮೆ ಹೇಳ್ತೀವಿ. ಆಮ್ಯಾಲೂ ಕೇಳಲಿಲ್ಲಂದ್ರ ಮ್ಯಾಲಿನವರಿಗೆ ಹೇಳ್ತೀವಿ. ನೀ ಎಷ್ಟ ಸಲ ಹೇಳಿ?” ಎಂದರು.

“ಒಂದ ಸಲ.”

“ಹಂಗಾರ ಮತ್ತೊಮ್ಮೆ ಹೇಳು.”

ಮರುದಿನ ಮದಾಮರ ಮನೆಗೆ ಫೋನು ಮಾಡುವ ಧೈರ್ಯವನ್ನು ಒಟ್ಟುಗೂಡಿಸುತ್ತಿದ್ದಾಗಲೇ ಮಗ ಕ್ಲಿನಿಕ್ಕಿಗೆ ಬಂದ. ಒಬ್ಬನೇ. ಅವನ ಕಂದೂರಾದ ಬಿಳಿ ನಿಲುವಂಗಿ ಗಾಜಿನ ಬಾಗಿಲಲ್ಲಿ ಕಾಣಿಸಿದ್ದೇ ನಾನು ಫೋನು ಕೆಳಗಿಟ್ಟೆ. ಮ್ಯಾನೇಜರ್ ಓಡಿಬಂದು ಕುರ್ಚಿ ಹಾಕಿದರು. ಆತ ಕೂರಲಿಲ್ಲ.

“ನಿಮಗೆ ನನ್ನ ತಾಯಿಯ ಕಣ್ಣಿನ ವಿಷಯ ಗೊತ್ತಿತ್ತಾ?”

“ಅದನ್ನು ನಿಮ್ಮ ತಾಯಿಯವರನ್ನೇ ಕೇಳಬೇಕು, ಸರ್.”

“ಕೇಳಿದೆ” ಎಂದ. ಬಯ್ಗಳಕ್ಕೆ ನಾನು ಹೆಗಲು ಬಿಗಿ ಮಾಡಿಕೊಂಡು ನಿಂತೆ. “ಮೊನ್ನೆ ಅವರೇ ಕಾರಿನ ಕೀಲಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ಆ ಇಂಡಿಯಾದ ಹುಡುಗಿ ನನ್ನ ಗಾಡಿ ಹತ್ತೋದಿಲ್ಲ ಅಂದಳು ಅಂದರು. ಆಮೇಲೆ ಅತ್ತರು. ನನ್ನ ತಂದೆ ಹೋದಾಗಲೂ ನನ್ನೆದುರು ಅತ್ತವರಲ್ಲ.”

ಕಣ್ಣಿನ ಡಾಕ್ಟರಿಗೆ ತೋರಿಸಿದ್ದರು. ಬಲಗಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದುಹೋಗಿತ್ತು. ಹೋದದ್ದು ಮರಳಿ ಬರುವುದಿಲ್ಲ. ಎಡಗಣ್ಣು ಚೆನ್ನಾಗಿದೆ, ಆಗಾಗ ತೋರಿಸುತ್ತಿರಬೇಕು ಎಂದಿದ್ದರು. ದೊಡ್ಡ ರಸ್ತೆಗೆ ಡ್ರೈವರ್ ಎಂದು ತಾಯಿ ಮಗನ ನಡುವೆ ಒಪ್ಪಂದವಾಗಿತ್ತು. ಮನೆಯ ಕೀಲಿಯ ಮಾತನ್ನು ಯಾರೂ ಎತ್ತಿರಲಿಲ್ಲ.

“ಈಗ ಏನು ಮಾಡೋದು ಅಂತ ಅವರು ಕೇಳ್ತಿದ್ದಾರೆ” ಎಂದ. “ರೈಫಲ್ ಬಗ್ಗೆ.”

ನನಗೆ ಆಶ್ಚರ್ಯವಾಯಿತು. ಆತ ಬೇಡವೆನ್ನಲು ಬಂದಿದ್ದಾನೆ ಎಂದುಕೊಂಡಿದ್ದೆ. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ತಾನಾಗಿ ಬಾಯಿಗೆ ಬಂತು: “ಎಡಗಣ್ಣು ಒಳ್ಳೇದಿದೆ. ಎಡಭುಜಕ್ಕೂ ಏನೂ ಆಗಿಲ್ಲ. ಎಡಗಡೆಯಿಂದ ಹೊಡೀಬಹುದಲ್ಲ?”

ಆತ ಆಗಲಿ ಎಂಬಂತೆ ತಲೆಯಾಡಿಸಿದ.

ಮತ್ತೆ ಶುಕ್ರವಾರ, ಮತ್ತೆ ಅದೇ ಮರಳು. ಈ ಸಲ ಡ್ರೈವರ್ ಓಡಿಸಿದ, ಮಗ ಮುಂದೆ ಕೂತ, ಮದಾಮ್ ಮತ್ತು ನಾನು ಹಿಂದೆ. ಅವರು ನನ್ನ ಜೊತೆ ಇನ್ನೂ ಮಾತು ಬಿಟ್ಟಿದ್ದರು; ಆದರೆ ಖರ್ಜೂರದ ಡಬ್ಬಿಯನ್ನು ನನ್ನ ಮಡಿಲಿಗೆ ಸರಿಸಿದರು. ನನಗೆ ಹಿಂದಿನ ಸಲಕ್ಕಿಂತ ಹೆಚ್ಚು ಹೆದರಿಕೆ. ಎಡಗಡೆ ಎಂಬ ಸಲಹೆ ನನ್ನದು. ಜೀವನಪೂರ್ತಿ ಬಲಗೈಯಲ್ಲಿ ಹೊಡೆದವರನ್ನು ಎಡಕ್ಕೆ ತಿರುಗಿಸುವುದೆಂದರೆ ನನ್ನಂಥವಳು ಏನು ತಿಳಿದು ಹೇಳಿದ್ದು?

ತರಬೇತುದಾರರು ಎಲ್ಲವನ್ನೂ ಕೇಳಿಸಿಕೊಂಡು ಗಡ್ಡ ಸವರಿಕೊಂಡರು. “ಆಗುತ್ತೆ. ಆದರೆ ಸೆಮಿ ಆಟೋಮ್ಯಾಟಿಕ್ ಪ್ರತಿ ಸಲ ಖಾಲಿ ಕಾಡತೂಸನ್ನು ಬಲಗಡೆಗೆ ಉಗುಳುತ್ತೆ. ಎಡಗಡೆಯಿಂದ ಹೊಡೆಯೋರ ಮುಖ ಅದೇ ಕಡೆಗಿರುತ್ತೆ. ನೋಡಿ ಆರಿಸಬೇಕು” ಎಂದರು. ಮಗನ ಒತ್ತಾಯಕ್ಕೆ ಕಪ್ಪು ರೈಫಲ್ಲನ್ನೇ ಮೊದಲು ಇಟ್ಟರು. ಎಳೆಹಿಡಿಯನ್ನು ತಾವೇ ಎಳೆದುಕೊಟ್ಟರು.

ಮದಾಮ್ ಎಡಭುಜಕ್ಕೆ ಒತ್ತಿಕೊಂಡರು. ನಾನು ನೋಡಿದೆ: ಕತ್ತು ನೆಟ್ಟಗಿತ್ತು, ಹಿಂಬದಿ ಸರಿಯಾಗಿ ಗುಳಿಯಲ್ಲಿ ಕೂತಿತ್ತು. ಮೊದಲ ಗುಂಡು. ಎರಡನೆಯದು. ಮೂರನೆಯದಕ್ಕೆ ಹಿಂದಕ್ಕೆ ಚಿಮ್ಮಿದ ಕಾಡತೂಸು ಅವರ ಬಲಮುಂಗೈಗೆ ಬಡಿದು ಅಬಾಯಾದ ತೋಳಿನೊಳಗೆ ಜಾರಿತು. ಕಾದ ಹಿತ್ತಾಳೆ. ಅವರು ಚೀರಿ ಕೈ ಝಾಡಿಸಿದರು, ಮೈ ಹೊರಳಿತು, ಅವರೊಡನೆ ರೈಫಲ್ಲೂ ಹೊರಳಿತು. ಅದರ ಕೊಳವೆ ದಿಬ್ಬವನ್ನು ಬಿಟ್ಟು ಪಕ್ಕಕ್ಕೆ, ಮಗ ನಿಂತಿದ್ದ ಕಡೆಗೆ ಬರುತ್ತಿರುವುದನ್ನು ನಾನು ನೋಡಿದೆ. ನನ್ನ ಬಾಯಿಂದ “ಅಪ್ಪಾ” ಎಂಬ ಕೂಗು ಹೊರಟಿತು. ತರಬೇತುದಾರರು ಅಷ್ಟರಲ್ಲಿ ಮುಂಗೈಯಿಂದ ಕೊಳವೆಯನ್ನು ನೆಲಕ್ಕೊತ್ತಿ, ಇನ್ನೊಂದು ಕೈಯಿಂದ ಸುರಕ್ಷೆಯ ಕೀಲನ್ನು ಹಾಕಿಬಿಟ್ಟಿದ್ದರು. “ಬೆರಳು ಹೊರಗೆ ಮದಾಮ್, ಬೆರಳು ಹೊರಗೆ” ಎಂದು ಶಾಂತವಾಗಿ ಹೇಳುತ್ತಲೇ ಇದ್ದರು. ಮದಾಮರ ಬೆರಳು ಮೊದಲೇ ಟ್ರಿಗರಿನಿಂದ ಹೊರಗಿತ್ತು. ಅಷ್ಟು ನೋವಿನಲ್ಲೂ ಅದನ್ನು ಅವರು ಮರೆತಿರಲಿಲ್ಲ.

ಮಗ ಮರಳಿನ ಮೇಲೆ ಕುಸಿದು ಕೂತ. ನಾನು ಮದಾಮರ ಅಬಾಯಾದ ತೋಳು ಮಡಚಿ ಕಾಡತೂಸು ಕೊಡವಿ ತೆಗೆದು, ಕುಡಿಯುವ ನೀರನ್ನೆಲ್ಲ ಸುಟ್ಟ ಜಾಗದ ಮೇಲೆ ಸುರಿದೆ. ಅರ್ಧ ನೀರು ಚಾಪೆಗೆ ಹೋಯಿತು. ಸಾಕು, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿ ಎಂದೇ ಆಸೆಪಟ್ಟೆ ಎಂದರೂ ಸುಳ್ಳಲ್ಲ.

“ಇನ್ನೊಂದು ಕೊಡಿ” ಎಂದರು ಮದಾಮ್.

“ಉಮ್ಮೀ, ಬೇಡ” ಎಂದ ಮಗ.

ಅವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆ ದಿನ ನನ್ನ ಜೊತೆ ಆಡಿದ ಮೊದಲ ಮಾತು: “ಹೇಳು ದಕ್ತೂರಾ. ಭುಜ ಏನಂತು?”

ಎಲ್ಲರೂ ನನ್ನ ಕಡೆ ತಿರುಗಿದರು. ಬೇಡ ಎಂದರೆ ನಾನು ಕ್ಷೇಮ, ನನ್ನ ವೀಸಾ ಕ್ಷೇಮ, ಮನೆಯಲ್ಲಿ ಬಯ್ಗಳವಿಲ್ಲ. ಆದರೆ ಭುಜದ ಮಟ್ಟಿಗೆ ಅದು ನಿಜವಾಗಿರಲಿಲ್ಲ. “ಎಡಭುಜ ಸರಿಯಾಗಿ ತಗೊಂಡಿದೆ. ಕತ್ತೂ ಸರಿಯಿದೆ” ಎಂದೆ. “ಮರದ್ದನ್ನು ಒಮ್ಮೆ ನೋಡಬಹುದು. ಆದರೆ ಮೊದಲು ತೋಳಿಗೆ ಬಿಗಿಯಾದ ಅಂಗಿ ಹಾಕಿ.”

ತರಬೇತುದಾರರು ತಮ್ಮ ದಪ್ಪ ಶೂಟಿಂಗ್ ಅಂಗಿ ತಂದುಕೊಟ್ಟರು. ಮದಾಮ್ ಅದನ್ನು ಅಬಾಯಾದ ಮೇಲೆಯೇ ಹಾಕಿಕೊಂಡರು. ಮರದ ರೈಫಲ್ಲಿನ ಎಳೆಹಿಡಿ ಬಲಪಕ್ಕದಲ್ಲಿ ಕೆಳಗಿದ್ದುದರಿಂದ ಮೊಣಕೈ ನೆಲಕ್ಕೂರಿಯೇ ಬಲಗೈಯಿಂದ ಎಳೆಯಲು ಅವರಿಗೆ ಆಯಿತು; ಹೊಲಿದ ಸ್ನಾಯುವಿನ ಮೇಲೆ ಭಾರ ಬೀಳಲಿಲ್ಲ. ತೂಕದ ಕಾರಣ ಒದೆತ ಭುಜಕ್ಕೆ ಬರುವ ಮುಂಚೆಯೇ ಅರ್ಧ ಕರಗಿದಂತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅದರ ಖಾಲಿ ಕಾಡತೂಸುಗಳು ಮುಂದಕ್ಕೆ, ಬಲಕ್ಕೆ, ಮರಳಿನ ಕಡೆಗೆ ಚಿಮ್ಮಿದವು. ಒಂದೂ ಹತ್ತಿರ ಬರಲಿಲ್ಲ. ಪ್ರತಿಯೊಂದು ಹಾರುವಾಗಲೂ ಅದು ಬೀಳುವ ತನಕ ನಾನು ಕಣ್ಣಿಟ್ಟು ನೋಡುತ್ತಿದ್ದೆ.

ಮೊದಲ ಕೆಲವು ಗುಂಡು ಹಲಗೆಗೇ ತಾಗಲಿಲ್ಲ. ಟ್ರಿಗರಿನ ಮೇಲೆ ಎಡಬೆರಳಿಗೆ ಅಭ್ಯಾಸವಿಲ್ಲ. ಮದಾಮ್ ಅರಬ್ಬಿಯಲ್ಲಿ ತಮ್ಮ ಬೆರಳನ್ನೇ ಬಯ್ದರು. ಆಮೇಲೊಂದು ಅಂಚಿಗೆ ತಾಗಿತು. ಆಮೇಲಿನವು ಒಂದರ ಪಕ್ಕ ಒಂದು, ಹಲಗೆಯ ಎಡಮೂಲೆಯಲ್ಲಿ ಗುಂಪಾಗಿ ಬಿದ್ದವು. ನಡುವಿಗೆ ಬಿದ್ದಿಲ್ಲವಲ್ಲ ಎಂದು ನಾನು ಪೆಚ್ಚಾದೆ. ತರಬೇತುದಾರರು ಹಿಗ್ಗಿದರು. “ನಡುವಿನ ಮಾತು ಬಿಡಿ ಬೆಹೆನ್‌ಜೀ. ಗುಂಪು ನೋಡಿ. ಗುಂಪು ಬಂದರೆ ಕೈ ಬಂತು. ಉಳಿದದ್ದು ದುರ್ಬೀನಿನ ತಿರುಪು ತಿರುಗಿಸಿದರೆ ಆಯ್ತು.”

ಮಗ ಎದ್ದುಬಂದು ದೂರದರ್ಶಕದಲ್ಲಿ ನೋಡಿದ. ಬಹಳ ಹೊತ್ತು ನೋಡಿದ. “ಇದು ತುಂಬಾ ಭಾರ ಅಲ್ವಾ? ಯಾರು ಹೊರೋದು?” ಎಂದ. ಮದಾಮ್ ಅವನನ್ನೇ ನೋಡಿದರು. “ಸರಿ, ನಾನೇ ಹೊರ್ತೀನಿ” ಎಂದ.

ಅಂಥದೇ ಒಂದನ್ನು ಅಬುಧಾಬಿಯ ಅಂಗಡಿಯಲ್ಲಿ ಕೊಂಡರು. ಕಪ್ಪು ರೈಫಲ್ಲಿನ ಹೊಸ ಮಾದರಿಯನ್ನೇ ಹೊಗಳುತ್ತಿದ್ದ ಅಂಗಡಿಯವನಿಗೆ ಮದಾಮ್ ಸುಟ್ಟ ಗುರುತು ತೋರಿಸಿ ಬಾಯಿ ಮುಚ್ಚಿಸಿದರು. ನಾನು ಹಿಂಬದಿಯ ಉದ್ದ ನೋಡಿ, ಒಂದು ರಬ್ಬರಿನ ಪಟ್ಟಿ ತೆಗೆಸಿ ಸ್ವಲ್ಪ ಗಿಡ್ಡ ಮಾಡಿಸಿದೆ. ಕೆನ್ನೆಗೆ ಒಂದು ಚರ್ಮದ ದಿಂಬು ಹಾಕಿಸಿದೆ. ಅಷ್ಟೇ ನನ್ನ ಪಾಲು. ಲೈಸೆನ್ಸಿನ ಕೆಲಸವೆಲ್ಲ ಮುಗಿದು ರೈಫಲ್ ಕೊಂಡೊಯ್ಯುವ ದಿನವೂ ನಾನು ಬರಬೇಕೆಂದು ಮದಾಮ್ ಹಟ ಹಿಡಿದರು. ವಾಪಸು ಬರುವಾಗ ಬೀಗ ಹಾಕಿದ ಪೆಟ್ಟಿಗೆ ನನ್ನ ಬೆನ್ನ ಹಿಂದೆಯೇ ಇತ್ತು. ರಸ್ತೆಯಲ್ಲಿ ಪೊಲೀಸರು ಗಾಡಿಗಳನ್ನು ನಿಧಾನ ಮಾಡಿಸುತ್ತಿದ್ದರು. ಕೈಚೀಲದಲ್ಲಿ ಕೆಲಸದ ಪರವಾನಗಿಯ ಲೇಬರ್ ಕಾರ್ಡನ್ನು ಹುಡುಕಿ, ಸಿಕ್ಕಿತೆಂದು ಮುಷ್ಟಿಯಲ್ಲಿ ಹಿಡಿದು ಕೂತೆ. ಮದಾಮ್ ನನ್ನ ಮುಷ್ಟಿ ನೋಡಿದರು. ತಮ್ಮ ಕೈಯನ್ನು ಅದರ ಮೇಲಿಟ್ಟರು. ಪೊಲೀಸಿನವನು ಮಗನಿಗೆ ಸಲಾಂ ಹೇಳಿ ಮುಂದೆ ಹೋಗಿ ಎಂದು ಕೈ ಬೀಸಿದ.

ಮನೆಗೆ ಬಂದಾಗ ನನ್ನವರು ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿದರು. “ಎಲ್ಲಾ ಸರಿ ಅದೀಯಲ್ಲ?” ಎಂದರು. “ಅದೀನಿ” ಎಂದೆ. ಉಪ್ಪಿಟ್ಟು ಮಾಡಿಟ್ಟಿದ್ದರು.

ಕೆಲವು ತಿಂಗಳಲ್ಲಿ ಮದಾಮರ ಚಿಕಿತ್ಸೆ ಮುಗಿಯಿತು. ನಾವು ಮುಂದೆ ದುಬೈನ ಇನ್ನೊಂದು ತುದಿಯ ಡಿಸ್ಕವರಿ ಗಾರ್ಡನ್ಸಿಗೆ ಮನೆ ಬದಲಿಸಿದೆವು, ನಾನೂ ಆ ಕಡೆ ಬೇರೆ ಕ್ಲಿನಿಕ್ ಸೇರಿದೆ. ಒಂದು ಚಳಿಗಾಲದ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಮೊಬೈಲು ಸದ್ದಾಯಿತು. ಮದಾಮರ ನಂಬರು. ಮೊದಲು ಬಂದ ಯೋಚನೆ ಅಪಘಾತ.

“ನಾಲ್ಕನೇ ಸ್ಥಾನ” ಎಂದು ಸಿಡಿದರು ಮದಾಮ್, ಸಲಾಮಿಗೂ ಮುಂಚೆ. “ಸ್ವಲ್ಪದರಲ್ಲಿ ಮೂರನೆಯದು ತಪ್ಪಿತು. ಗಾಳಿ ಎಡದಿಂದ ಬೀಸ್ತಿತ್ತು. ನನ್ನ ಮಗ ಪಕ್ಕ ಕೂತು ಬಲದಿಂದ ಅಂದ. ಅವನಿಗೆ ಎರಡೂ ಕಣ್ಣು ಚೆನ್ನಾಗಿವೆ, ಏನು ಪ್ರಯೋಜನ?”

ಹಿಂದಿನಿಂದ ಮಗ ಏನೋ ವಾದಿಸುತ್ತಿದ್ದದ್ದು ಕೇಳಿಸಿತು. ನಾನು ಬಾಲ್ಕನಿಯ ಕಂಬಿಗೆ ಒರಗಿಕೊಂಡೆ.

“ಭುಜ ಹೇಗಿದೆ ಮದಾಮ್?”

“ಯಾವ ಭುಜ?” ಎಂದು ಕೇಳಿದರು.